ವಾರಂಟಿಯಿಂದ ಮರಳಿ ಬಂದ ಪಿಸ್ತೂಲು
ಟೆಕ್ಸಾಸ್‌ನಲ್ಲಿ ನಾನು ಜೇಬಿನಲ್ಲಿ ಇಟ್ಟುಕೊಳ್ಳುವ .380 ಕ್ಯಾಲಿಬರ್ (ಗುಂಡಿನ ಗಾತ್ರ) ಪಿಸ್ತೂಲು ಇಂದು ದುರಸ್ತಿ ಮುಗಿಸಿಕೊಂಡು ತಯಾರಕರಿಂದ ಮರಳಿ ಬಂದಿದೆ. ಗುಂಡು ಹಾರಿದ ಮೇಲೆ ಖಾಲಿ ಕಾಡತೂಸು ಹೊರಬೀಳದೆ ಸಿಕ್ಕಿಕೊಳ್ಳುತ್ತಿತ್ತು. ಖಾಲಿ ಕಾಡತೂಸನ್ನು ಹಿಡಿದು ಹೊರಗೆಳೆಯುವ ಕೊಕ್ಕೆಯಾದ ಎಕ್ಸ್‌ಟ್ರಾಕ್ಟರನ್ನೂ ಸ್ಪ್ರಿಂಗನ್ನೂ ವಾರಂಟಿಯಡಿ ಹಣ ಕೇಳದೆ ಬದಲಿಸಿಕೊಟ್ಟಿದ್ದಾರೆ. ದುರಸ್ತಿಗೆ ಕಳಿಸಿದ ಬಂದೂಕನ್ನು ಡೀಲರ್‌ನ ಮೂಲಕವಲ್ಲದೆ ನೇರವಾಗಿ ಮಾಲೀಕನಿಗೇ ಹಿಂದಿರುಗಿಸಲು ಅಮೆರಿಕದ ಫೆಡರಲ್ ಕಾನೂನು ಅವಕಾಶ ನೀಡಿರುವುದು ದೊಡ್ಡ ಅನುಕೂಲ.

ಇಷ್ಟು ಚಿಕ್ಕ ಪಿಸ್ತೂಲಿನಲ್ಲಿ ಸ್ಲೈಡ್, ಅಂದರೆ ಗುಂಡು ಹಾರಿದಾಗ ಹಿಂದೆ ಸರಿದು ಮರಳುವ ಮೇಲ್ಭಾಗ, ಹಗುರ; ಅದು ಹಿಂದೆ ಸರಿಯುವ ದೂರ ಕಡಿಮೆ, ಸ್ಪ್ರಿಂಗ್ ಬಿಗಿ; ಆದ್ದರಿಂದ ಹಿಡಿತ ಸ್ವಲ್ಪ ಸಡಿಲವಾದರೂ, ಜೇಬಿನ ನೂಲಿನ ಧೂಳು ಸೇರಿದರೂ, ದೊಡ್ಡ ಪಿಸ್ತೂಲು ಸಹಿಸಿಕೊಳ್ಳುವುದನ್ನು ಇದು ಸಹಿಸುವುದಿಲ್ಲ. ಅಮೆರಿಕದ ಬಂದೂಕು ತಯಾರಕ ರುಗರ್ ಕಂಪನಿಯು 2008ರಲ್ಲಿ ಇಂಥದೇ ಚಿಕ್ಕ .380 ಪಿಸ್ತೂಲಾದ ಎಲ್‌ಸಿಪಿ ಮಾದರಿಯನ್ನು ಬಿಡುಗಡೆ ಮಾಡಿ, ಕೆಳಗೆ ಬಿದ್ದರೆ ಗುಂಡು ಹಾರುವ ಅಪಾಯವಿದೆಯೆಂದು ಅದೇ ವರ್ಷ ಆರಂಭದ ಪಿಸ್ತೂಲುಗಳನ್ನು ಹಿಂದಕ್ಕೆ ಕರೆಸಿಕೊಂಡು ಉಚಿತವಾಗಿ ಸರಿಪಡಿಸಿತ್ತು. ನನ್ನದು ಬೇರೆ ಕಂಪನಿಯದಾದರೂ ಆ ನಡೆ ನನಗೆ ಬಹಳ ಮೆಚ್ಚುಗೆಯಾಗಿತ್ತು.

ಆದರೆ ಉಚಿತ ದುರಸ್ತಿಯೇ ಭರವಸೆಯಲ್ಲ ಎಂದು ಇಂದು ಪೆಟ್ಟಿಗೆ ತೆರೆಯುವಾಗ ಅನ್ನಿಸಿತು: ವಾರಂಟಿಯು ಕೆಟ್ಟ ಭಾಗವನ್ನು ಬದಲಿಸಬಲ್ಲದು, ಪ್ರಾಣಕ್ಕೆ ಕುತ್ತು ಬಂದ ಗಳಿಗೆಯಲ್ಲಿ ಸಿಕ್ಕಿಕೊಂಡ ಕಾಡತೂಸಿಗೆ ಯಾರೂ ಪರಿಹಾರ ಕೊಡಲಾರರು. ನಾನು ನಿಜವಾಗಿ ಬಳಸುವ ಹಾಲೋ ಪಾಯಿಂಟ್ (ತುದಿ ಟೊಳ್ಳಾದ) ಗುಂಡುಗಳನ್ನೇ ಶೂಟಿಂಗ್ ರೇಂಜಿನಲ್ಲಿ ಒಂದೂ ತಡೆಯಿಲ್ಲದೆ ಹಾರಿಸುವವರೆಗೆ ಇದು ಮನೆಯ ಬೀಗದ ಪೆಟ್ಟಿಗೆಯಲ್ಲೇ ಇರುತ್ತದೆ.