ಕಿವಿಯ ಹಿಂದಿನ ಮೂಳೆ

14 ಜುಲೈ 2024, ಭಾನುವಾರ

ತಂಗಿಯ ಮಗನಿಗೆ ಜ್ವರ ಇಳಿದಿದೆ. ಕೈಯಲ್ಲಿ ಡ್ರಿಪ್ ಸೂಜಿ ಇದ್ದರೂ ಬೆಳಿಗ್ಗೆ ಅರ್ಧ ಇಡ್ಲಿ ತಿಂದ.

ಶುರುವಾಗಿದ್ದು ನೆಗಡಿಯಿಂದ. ಆಮೇಲೆ ಕಿವಿನೋವು, ರಾತ್ರಿಯಿಡೀ ಅಳು, ಕಿವಿ ಸೋರಿದ್ದು. ಶುಕ್ರವಾರ ತಲೆ ಬಾಚುವಾಗ ತಂಗಿ ನೋಡಿದಳು: ಒಂದು ಕಿವಿ ಮಾತ್ರ ಹೊರಕ್ಕೆ ಚಾಚಿ, ಸ್ವಲ್ಪ ಕೆಳಗೆ ಇಳಿದಿದೆ. ಹಿಂದೆ ಕೆಂಪಗೆ ಊದಿದೆ. ಮುಟ್ಟಿದರೆ ಚೀರುತ್ತಾನೆ. ಅವಳು ಸಂಜೆವರೆಗೂ ಕಾಯಲಿಲ್ಲ, ಆಸ್ಪತ್ರೆಗೆ ಹೊರಟೇಬಿಟ್ಟಳು. ಮ್ಯಾಸ್ಟಾಯ್ಡೈಟಿಸ್ ಅಂದರು, ಅಂದರೆ ಕಿವಿಯ ಹಿಂದಿನ ಮೂಳೆಗೆ ಸೋಂಕು. ಎರಡು ವರ್ಷದೊಳಗಿನ ಮಕ್ಕಳಲ್ಲಿ ಇದು ಜಾಸ್ತಿಯಂತೆ.

ಡಾಕ್ಟರು ಸಿ.ಟಿ. ಸ್ಕ್ಯಾನ್ ತೋರಿಸಿ ವಿವರಿಸಿದರು. ನಮ್ಮ ಕಿವಿಯ ಹಿಂದೆ ಬೆರಳಿಟ್ಟರೆ ಗಟ್ಟಿ ಉಬ್ಬು ಸಿಗುತ್ತದೆ ಅಲ್ವಾ? ಅದೇ ಮ್ಯಾಸ್ಟಾಯ್ಡ್ ಮೂಳೆ. ಒಳಗೆ ಜೇನುಗೂಡಿನ ಹಾಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೋಣೆಗಳು. ಅವಕ್ಕೂ ನಡುಗಿವಿಗೂ, ಅಂದರೆ ಕಿವಿಯ ತಮಟೆಯ ಹಿಂದಿನ ಜಾಗಕ್ಕೂ, ದಾರಿ ಇದೆ. ತಮಟೆಯ ಹಿಂದೆ ಕಟ್ಟಿದ ಕೀವು ಆ ದಾರಿಯಲ್ಲಿ ಹೋಗಿ, ಹೊರಬರಲಾಗದೆ ನಿಂತರೆ ಕೋಣೆಗಳ ತೆಳು ಗೋಡೆ ಕರಗತೊಡಗುತ್ತದೆ. ಆಚೆ ಬದಿಯಲ್ಲೇ ಮಿದುಳಿನ ಪೊರೆ ಇದೆ, ಮಿದುಳಿನಿಂದ ರಕ್ತ ಇಳಿಸುವ ದೊಡ್ಡ ರಕ್ತನಾಳ ಇದೆ. ಮುಖದ ನರ ಹಾದು ಹೋಗುವುದೂ ಇದೇ ಜಾಗದಲ್ಲಿ. ಸೋಂಕು ಮಿದುಳಿನ ಕಡೆ ಮುಟ್ಟಿದರೆ ಜೀವಕ್ಕೇ ಅಪಾಯ. ಇದನ್ನು ಕೇಳಿ ನನ್ನ ಕೈಕಾಲು ತಣ್ಣಗಾಯಿತು.

ನಮ್ಮವನಿಗೆ ಬೇಗ ಗೊತ್ತಾಯಿತು. ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಡುತ್ತಿದ್ದಾರೆ, ತಮಟೆಗೆ ಸಣ್ಣ ತೂತು ಮಾಡಿ ಕೀವು ತೆಗೆದಿದ್ದಾರೆ. ಇದಕ್ಕೆ ಬಗ್ಗದಿದ್ದರೆ ಮೂಳೆಯನ್ನೇ ಕೊರೆದು ಸ್ವಚ್ಛ ಮಾಡುವ ಆಪರೇಷನ್ ಬೇಕಾಗುತ್ತಿತ್ತು. ಇಂಥ ಔಷಧಿಗಳು ಬರುವ ಮೊದಲು ಹೆಚ್ಚಾಗಿ ಅದೇ ದಾರಿ ಇತ್ತು. ಎಷ್ಟು ಮಕ್ಕಳು ಹೋಗಿರಬೇಕು ಆಗ.

ಪಕ್ಕದ ಮಂಚದ ಅಜ್ಜಿ, "ಬೆಳ್ಳುಳ್ಳಿ ಎಣ್ಣೆ ಬಿಡಬಾರದಿತ್ತೇನಮ್ಮ?" ಅಂದರು. ಪ್ರೀತಿಯಿಂದಲೇ ಹೇಳಿದ್ದು. "ಸೋರೋ ಕಿವಿಗೆ ಎಣ್ಣೆ ಬೇಡ ಅಜ್ಜಿ, ತಮಟೆ ತೂತಾಗಿದ್ರೆ ಸೀದಾ ಒಳಗೆ ಹೋಗುತ್ತೆ" ಅಂದೆ. ನೋವು ಕಡಿಮೆಯಾಯಿತು ಅಂತ ಆಂಟಿಬಯೋಟಿಕ್ ಅರ್ಧಕ್ಕೆ ಬಿಡುವುದೂ ಸರಿಯಲ್ಲ. ನ್ಯುಮೋಕಾಕಸ್ ಬ್ಯಾಕ್ಟೀರಿಯಾ ಈ ಕಾಯಿಲೆಗೆ ಒಂದು ಮುಖ್ಯ ಕಾರಣ. ಅದರ ಲಸಿಕೆ ಪಿ.ಸಿ.ವಿ. ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ: 6 ವಾರಕ್ಕೆ, 14 ವಾರಕ್ಕೆ, 9 ತಿಂಗಳಿಗೆ. ಮನೆಯಲ್ಲಿ ಕೂಸಿದ್ದರೆ ತಾಯಿ ಕಾರ್ಡು ತೆಗೆದು ನೋಡಿ.

ಊತ ಪೂರ್ತಿ ಇಳಿದ ಮೇಲೆ ಅವನಿಗೆ ಕಿವಿ ಕೇಳಿಸುವ ಪರೀಕ್ಷೆ ಮಾಡಬೇಕಂತೆ.