ಸುಳಿ ಬಿಗಿಯುವುದೇ, ಬಿಚ್ಚುವುದೇ?

ಕಳೆದ ವಾರ ಮೂರು ರಾತ್ರಿ ನಾನು ಒಂದು ವಾಯುಭಾರ ಕುಸಿತದ ಬೆನ್ನು ಹತ್ತಿದ್ದೆ. ಎರಡನೆಯ ರಾತ್ರಿ, ಮೋಡದ ತಾಪವನ್ನು ಬಣ್ಣಗಳಲ್ಲಿ ತೋರಿಸುವ ಅವಕೆಂಪು (ಇನ್‌ಫ್ರಾರೆಡ್) ಉಪಗ್ರಹ ಚಿತ್ರದಲ್ಲಿ ಮೋಡಗಳ ನೆತ್ತಿ ಮೈನಸ್ 80 ಡಿಗ್ರಿ ಸೆಲ್ಸಿಯಸ್‌ವರೆಗೆ ತಣ್ಣಗಾಗಿ, ದುಂಡನೆಯ ಕಡುಗೆಂಪು ಕಲೆಯೊಂದು ಪರದೆಯಲ್ಲಿ ಹರಡಿಕೊಂಡಾಗ, ಇನ್ನೇನು ಇದು ಚಂಡಮಾರುತವಾದಂತೆಯೇ ಎಂದು ತೀರ್ಮಾನಿಸಿ ಮಲಗಿದೆ. ಬೆಳಗಾದ ಮೇಲೆ ಬಂದ ಮೊದಲ ಚಿತ್ರದಲ್ಲಿ ಕಂಡದ್ದೇ ಬೇರೆ. ಕೆಳಮಟ್ಟದ ತೆಳುಮೋಡಗಳ ಪುಟ್ಟ ಸುಳಿಯೊಂದು ಬರಿಮೈಯಲ್ಲಿ ತಿರುಗುತ್ತಿತ್ತು. ರಾತ್ರಿ ನನ್ನನ್ನು ಮರುಳು ಮಾಡಿದ್ದ ಗುಡುಗುಮೋಡವೆಲ್ಲ ಅದರಿಂದ ಸುಮಾರು ಇನ್ನೂರು ಕಿಲೋಮೀಟರ್ ಪಶ್ಚಿಮಕ್ಕೆ ಸರಿದುಹೋಗಿತ್ತು.

ಸಾಗರದ ಮೇಲೆ ಗುಡುಗುಮೋಡಗಳು ಸಾಮಾನ್ಯವಾಗಿ ನಸುಕಿನ ವೇಳೆಗೇ ಹೆಚ್ಚು ಉಕ್ಕುತ್ತವೆ ಎಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ಆದರೂ ರಾತ್ರಿಯ ಬಣ್ಣಗಳನ್ನು ನೋಡಿ ಪ್ರತಿಸಲವೂ ಮೋಸಹೋಗುತ್ತೇನೆ. ನೆತ್ತಿ ತಣ್ಣಗಿದ್ದಷ್ಟೂ ಮೋಡ ಎತ್ತರ, ನಿಜ; ಆದರೆ ಅವಕೆಂಪು ಚಿತ್ರ ತೋರಿಸುವುದು ಮೋಡದ ನೆತ್ತಿಯನ್ನು ಮಾತ್ರ. ಗಾಳಿ ನಿಜವಾಗಿ ಎಲ್ಲಿ ಸುತ್ತುತ್ತಿದೆ ಎಂಬುದು ಅದರಡಿ ಮುಚ್ಚಿಹೋಗಿರುತ್ತದೆ.

ವ್ಯವಸ್ಥೆ ಬಲಗೊಳ್ಳಬೇಕಾದರೆ ಸುಳಿಯ ಕೇಂದ್ರ ಮತ್ತು ಗುಡುಗುಮೋಡ ಒಂದರ ಮೇಲೊಂದು ನಿಲ್ಲಬೇಕು. ಆವಿ ಹನಿಗಟ್ಟುವಾಗ ಹೊರಬೀಳುವ ಶಾಖವು ಕೇಂದ್ರದ ಮೇಲಿನ ಗಾಳಿಯ ಕಂಬವನ್ನು ಬೆಚ್ಚಗಾಗಿಸಿದರೆ ಸಮುದ್ರಮಟ್ಟದಲ್ಲಿ ಒತ್ತಡ ಇಳಿಯುತ್ತದೆ. ಒತ್ತಡ ಇಳಿದಷ್ಟೂ ಗಾಳಿ ಒಳನುಗ್ಗುತ್ತದೆ, ಗಾಳಿ ಹೆಚ್ಚಿದಷ್ಟೂ ನೀರು ಆವಿಯಾಗುತ್ತದೆ. ಮೇಲ್ಮಟ್ಟದ ಗಾಳಿಯ ವೇಗವೂ ದಿಕ್ಕೂ ಕೆಳಗಿನದಕ್ಕಿಂತ ತೀರ ಭಿನ್ನವಾಗಿದ್ದರೆ ಈ ಕಂಬ ವಾಲಿ, ಶಾಖವೆಲ್ಲ ಬೇರೆಡೆಗೆ ಹರಿದುಹೋಗುತ್ತದೆ. ನನ್ನ ಸುಳಿಗೆ ಆದದ್ದೂ ಅದೇ: ಮೇಲೆ ಪೂರ್ವದಿಂದ ಬೀಸುತ್ತಿದ್ದ ಗಾಳಿ ಅದರ ತಲೆಯನ್ನೇ ಎಗರಿಸಿಕೊಂಡು ಹೋಗಿತ್ತು.

ಸಮುದ್ರದ ಬಿಸಿಯ ಕೊರತೆ ಅಲ್ಲಿರಲಿಲ್ಲ. ನೀರು 26.5 ಡಿಗ್ರಿಗಿಂತ ಬೆಚ್ಚಗಿರಬೇಕು ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಆ ಬಿಸಿ ಸುಮಾರು 50 ಮೀಟರ್ ಆಳದವರೆಗೂ ಇರಬೇಕೆಂಬುದನ್ನು ಹಲವರು ಮರೆಯುತ್ತಾರೆ. ಬಿರುಗಾಳಿಯೇ ಕಡಲನ್ನು ಕಡೆದು ಕೆಳಗಿನ ತಣ್ಣೀರನ್ನು ಮೇಲೆತ್ತುವುದರಿಂದ, ತೆಳುವಾದ ಬೆಚ್ಚನೆಯ ಪದರ ಬೇಗನೆ ಕರಗಿಹೋಗುತ್ತದೆ. ಇವೆಲ್ಲ ಕೂಡಿಬಂದರೂ ನಡುಮಟ್ಟದಲ್ಲಿ ಒಣಗಾಳಿ ನುಸುಳಿದರೆ ಕಥೆ ಅಲ್ಲಿಗೇ ಮುಗಿಯಬಹುದು.

ಆದ್ದರಿಂದ ನಾನೀಗ ಮೊದಲು ಹುಡುಕುವುದು ಕೇಂದ್ರವನ್ನು. ಸಮುದ್ರದ ಮೇಲ್ಮೈಯ ಒರಟುತನವನ್ನು ರೇಡಾರ್‌ನಿಂದ ಅಳೆದು ಗಾಳಿಯ ದಿಕ್ಕು, ವೇಗಗಳನ್ನು ಹೇಳುವ ಉಪಗ್ರಹಗಳಿವೆ. ಅವು ಕೊಡುವ ನಕ್ಷೆಯಲ್ಲಿ ಗಾಳಿಯನ್ನು ಸೂಚಿಸುವ ಬಾಣದ ಗುರುತುಗಳು ನಾಲ್ಕೂ ಕಡೆಯಿಂದ ಬಂದು ಸುತ್ತನ್ನು ಮುಚ್ಚಿದರೆ ಮಾತ್ರ ನಂಬಬಹುದು. ಆದರೆ ಆ ಉಪಗ್ರಹಗಳ ಹಾದಿ ಎಷ್ಟೋ ಸಲ ನಮಗೆ ಬೇಕಾದ ಜಾಗವನ್ನೇ ಬಿಟ್ಟು ಹಾಯುತ್ತದೆ. ಆಗ ಅಮೆರಿಕದ ಹವಾಮಾನ ತಜ್ಞ ವರ್ನನ್ ಡ್ವೊರಾಕ್ 1970ರ ದಶಕದಲ್ಲಿ ರೂಪಿಸಿದ ವಿಧಾನವೇ ಗತಿ: ಮೋಡಗಳ ಬಾಗು, ಸುತ್ತು, ನಡುವಿನ ‘ಕಣ್ಣಿನ’ ತಾಪ ನೋಡಿ, ಬಲ ಹೆಚ್ಚಿದಂತೆ ಏರುವ 1ರಿಂದ 8ರವರೆಗಿನ ಅಂಕ ಕೊಡುವುದು. ಚಿತ್ರ ನೋಡಿ ಗಾಳಿಯನ್ನು ಅಂದಾಜು ಮಾಡುವ ಈ ಕ್ರಮ ಇಷ್ಟು ವರ್ಷವಾದರೂ ಬಳಕೆಯಲ್ಲಿರುವುದು ನನಗೆ ಇಂದಿಗೂ ಸೋಜಿಗ.

ಕೇಂದ್ರ ಕಟ್ಟಿಕೊಳ್ಳುವ ಮುನ್ನವೇ ಹತ್ತು ದಿನಗಳ ಹಾದಿಯ ನಕ್ಷೆಗಳನ್ನು ಹಂಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆರಂಭದ ಸ್ಥಿತಿಯನ್ನು ತುಸು ಬದಲಿಸಿ ಹವಾಮಾನವನ್ನು ಲೆಕ್ಕಹಾಕುವ ಒಂದೇ ಗಣಕ ಮಾದರಿಯನ್ನು ಹತ್ತಾರು ಬಾರಿ ಓಡಿಸಿದಾಗ ಕೆಲವು ಗೆರೆಗಳು ಪ್ರಚಂಡ ಬಿರುಗಾಳಿಯನ್ನೂ ಉಳಿದವು ಬರಿಯ ಮಳೆಯನ್ನೂ ತೋರಿಸುತ್ತವೆ. ಹಂಚಿಕೆಯಾಗುವುದು ಮಾತ್ರ ಅತಿ ಭೀಕರವಾದ ಗೆರೆ. ಬಲಗೊಳ್ಳುವ ಸಂಭವ ಶೇ. 40 ಎಂದರೆ ಅಂಥ ಹತ್ತರಲ್ಲಿ ಆರು ಬಲಗೊಳ್ಳದೆ ಹೋಗುತ್ತವೆ ಎಂದರ್ಥ. ಹಾಗೆ ಹೋದಾಗ ಮುನ್ಸೂಚನೆ ಸುಳ್ಳಾಯಿತು ಎನ್ನುವುದು ಸರಿಯಲ್ಲ.

ಹಾಗೆಂದು ನಿಶ್ಚಿಂತೆಯಿಂದಿರುವಂತೆಯೂ ಇಲ್ಲ. ಗಾಳಿಯ ವೇಗ 24 ಗಂಟೆಗಳಲ್ಲಿ ಗಂಟೆಗೆ 55 ಕಿಲೋಮೀಟರ್‌ನಷ್ಟು ಏರಿದರೆ ಅದನ್ನು ತೀವ್ರಗತಿಯ ಬಲವರ್ಧನೆ ಎನ್ನುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋದ ಅಕಾಪುಲ್ಕೊ ಬಳಿ ಅಪ್ಪಳಿಸಿದ ಓಟಿಸ್ ಒಂದೇ ದಿನದಲ್ಲಿ ಸಾಧಾರಣ ಬಿರುಗಾಳಿಯಿಂದ ಅತಿ ಪ್ರಬಲವಾದ ಐದನೆಯ ವರ್ಗಕ್ಕೆ ಏರಿತ್ತು. ಮುಖ್ಯ ಮಾದರಿಗಳು ಅದನ್ನು ಊಹಿಸಿರಲೇ ಇಲ್ಲ.

ಮೂರನೆಯ ರಾತ್ರಿ ನನ್ನ ಸುಳಿಯ ಪಕ್ಕದಲ್ಲಿ ಮತ್ತೆ ಕೆಂಪು ಕಲೆ ಉಬ್ಬಿತು. ಈ ಸಲ ನಾನು ಏನನ್ನೂ ತೀರ್ಮಾನಿಸದೆ ಬೆಳಕು ಹರಿಯುವುದನ್ನು ಕಾದೆ. ಸುಳಿ ಇನ್ನೂ ತಿರುಗುತ್ತಿತ್ತು, ಆದರೆ ಹಿಂದಿನ ದಿನಕ್ಕಿಂತ ಹರವಾಗಿ, ಸಡಿಲವಾಗಿ. ಮಧ್ಯಾಹ್ನದ ಹೊತ್ತಿಗೆ ಅದರ ಪೂರ್ವದ ಅಂಚು ಎಲ್ಲಿ ಮುಗಿಯುತ್ತದೆ ಎಂದು ಬೆರಳಿಟ್ಟು ತೋರಿಸಲಾಗಲಿಲ್ಲ.