ಎಂಟು ಚಾಪೆಯ ಕೋಣೆಯಿಂದ ಊದುಕುಲುಮೆಯವರೆಗೆ

ಜಪಾನಿನ ಹಾಗಿ ಪಟ್ಟಣದಲ್ಲಿ, ಶೋಇನ್ ದೇವಾಲಯದ ಆವರಣದೊಳಗೆ, ಹೆಂಚು ಹೊದಿಸಿದ ಒಂದು ಪುಟ್ಟ ಮರದ ಮನೆಯಿದೆ. ಒಳಗೆ ಕಾಲಿಡುವಂತಿಲ್ಲ, ಸರಿಸಿಟ್ಟ ಬಾಗಿಲುಗಳ ಹೊರಗೆ ನಿಂತು ನೋಡಬೇಕು. ಎಂಟು ಚಾಪೆ ಹಿಡಿಯುವ ಪಾಠದ ಕೋಣೆ, ಅದಕ್ಕೆ ಅಂಟಿಕೊಂಡಂತೆ ಶಿಷ್ಯರೇ ಕೈಜೋಡಿಸಿ ಕಟ್ಟಿದ ಹತ್ತೂವರೆ ಚಾಪೆಯ ಇನ್ನೊಂದು ಭಾಗ, ಗೋಡೆಯ ಮೇಲೆ ಸಾಲಾಗಿ ಶಿಷ್ಯರ ಭಾವಚಿತ್ರಗಳು. ಶೋಕಾ ಸೊನ್‌ಜುಕು ಎಂಬ ಈ ಶಾಲೆಯಲ್ಲಿ ಯೊಷಿದಾ ಶೋಇನ್ 1857–58ರ ಸುಮಾರಿಗೆ ಪಾಠ ಹೇಳಿದ್ದು ಬಹಳ ಕಡಿಮೆ ಅವಧಿ. ಆದರೆ ಆ ಚಿತ್ರಗಳ ಸಾಲಿನಲ್ಲಿ ಇತೊ ಹಿರೊಬುಮಿ ಇದ್ದಾನೆ, ಯಾಮಾಗಾತಾ ಅರಿತೊಮೊ ಇದ್ದಾನೆ. ಮುಂದೆ ಇಬ್ಬರೂ ಪ್ರಧಾನಮಂತ್ರಿಗಳಾದರು. ಒಬ್ಬನು ಸಂವಿಧಾನದ ಕರಡನ್ನೂ ಇನ್ನೊಬ್ಬನು ಆಧುನಿಕ ಸೇನೆಯನ್ನೂ ರೂಪಿಸಿದರು. ಜಪಾನ್ ಏಕೆ ಸಾಮ್ರಾಜ್ಯವಾಯಿತು ಎಂಬ ಪ್ರಶ್ನೆಯನ್ನು ಹೊತ್ತು ಬಂದಿದ್ದ ನಾನು, ಟೋಕಿಯೊ ಬಿಟ್ಟು ಹೊನ್‌ಶು ದ್ವೀಪದ ಈ ಪಶ್ಚಿಮದ ತುದಿಯನ್ನು ಆರಿಸಿಕೊಂಡದ್ದು ಈ ಕೋಣೆಗಾಗಿ.

1854ರಲ್ಲಿ ಅಮೆರಿಕದ ಕಮೊಡೋರ್ ಪೆರಿಯ ಹಡಗುಗಳು ಷಿಮೊದಾದಲ್ಲಿ ಲಂಗರು ಹಾಕಿದ್ದಾಗ ಶೋಇನ್ ಕತ್ತಲಲ್ಲಿ ದೋಣಿ ನಡೆಸಿಕೊಂಡು ಹೋಗಿ, ತನ್ನನ್ನೂ ಪಶ್ಚಿಮಕ್ಕೆ ಕರೆದೊಯ್ಯುವಂತೆ ಕೇಳಿದ. ಅವರು ಒಪ್ಪಲಿಲ್ಲ, ದೇಶ ಬಿಟ್ಟು ಹೋಗುವುದು ಆಗ ಅಪರಾಧವಾಗಿದ್ದರಿಂದ ಅವನು ಹಾಗಿಯ ಸೆರೆಮನೆ ಸೇರಿದ. ಅಲ್ಲಿ ಬರೆದ ಟಿಪ್ಪಣಿಗಳಲ್ಲಿ ಅವನ ದೃಷ್ಟಿ ಬೆಚ್ಚಿಬೀಳಿಸುವಷ್ಟು ದೂರ ಹರಿದಿದೆ: ಉತ್ತರದ ಎಜೊ (ಇಂದಿನ ಹೊಕ್ಕೈಡೊ) ದ್ವೀಪವನ್ನು ನೆಲೆಗೊಳಿಸಬೇಕು, ರಷ್ಯಾದ ಕಮ್ಚಟ್ಕವನ್ನು ಪಡೆಯಬೇಕು, ಈಗಿನ ಓಕಿನಾವಾ ದ್ವೀಪಗಳಾದ ರ್ಯೂಕ್ಯೂವನ್ನು ಅಧೀನಕ್ಕೆ ತರಬೇಕು, ಕೊರಿಯಾದಿಂದ ಕಪ್ಪ ವಸೂಲು ಮಾಡಬೇಕು, ಈಶಾನ್ಯ ಚೀನಾದ ಮಂಚೂರಿಯ, ತೈವಾನ್, ಫಿಲಿಪೀನ್ಸಿನ ಲುಝಾನ್‌ಗಳನ್ನು ವಶಪಡಿಸಿಕೊಳ್ಳಬೇಕು. ಒಬ್ಬ ಗುರುವಿನ ಬರಹದಿಂದಲೇ ಸಾಮ್ರಾಜ್ಯ ಹುಟ್ಟಿತೆಂದರೆ ಅತಿಯಾಗುತ್ತದೆ. ಅವನ ಶಿಷ್ಯರು ಅಧಿಕಾರಕ್ಕೆ ಬಂದಾಗ ಅವನ ಪಟ್ಟಿಯನ್ನು ಮುಂದಿಟ್ಟುಕೊಂಡು ರಾಜ್ಯವಾಳಲಿಲ್ಲ. ಆದರೆ ಅದನ್ನು ಬರೆದಾಗ ಜಪಾನಿನ ಕೈಯಲ್ಲಿ ಒಂದು ಉಗಿ ಯುದ್ಧನೌಕೆಯೂ ಇರಲಿಲ್ಲ ಎಂಬುದನ್ನು ನಾನು ಮರೆಯಲಾರೆ. ಕೈಯಲ್ಲಿ ಬಲವಿಲ್ಲದವನು, ಬಲಿಷ್ಠರು ತನ್ನನ್ನು ನುಂಗುವ ಮೊದಲು ತಾನು ನೆರೆಯವರನ್ನು ನುಂಗಬೇಕೆಂದು ಲೆಕ್ಕ ಹಾಕುತ್ತಿದ್ದಾನೆ. ಆಸೆಗಿಂತ ಮೊದಲು ಅಲ್ಲಿರುವುದು ಭಯ. ಶೋಇನ್‌ನನ್ನು 1859ರಲ್ಲಿ ಎದೊದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಶಿರಚ್ಛೇದ ಮಾಡಿದರು.

ಬಸ್ಸಿನಲ್ಲಿ ಷಿನ್-ಯಾಮಾಗುಚಿಗೆ ಇಳಿದು, ಅಲ್ಲಿಂದ ರೈಲಿನಲ್ಲಿ ಷಿಮೊನೊಸೆಕಿ ತಲುಪಿದೆ. ಹೊನ್‌ಶು ಮತ್ತು ಕ್ಯೂಷು ದ್ವೀಪಗಳ ನಡುವಿನ ಕಾನ್‌ಮೊನ್ ಜಲಸಂಧಿ ಇಲ್ಲಿ ಕಿಲೋಮೀಟರಿಗಿಂತ ಕಿರಿದು. ದೊಡ್ಡ ಸರಕು ಹಡಗುಗಳು ದಡಕ್ಕೆ ತೀರ ಸಮೀಪದಲ್ಲೇ ಹಾದುಹೋಗುತ್ತವೆ. ದಡದ ಮಿಮೊಸುಸೊಗಾವಾ ಉದ್ಯಾನದಲ್ಲಿ ಹಾಗಿಯನ್ನು ಒಳಗೊಂಡ ಚೋಷು ಸಂಸ್ಥಾನದ ಫಿರಂಗಿಗಳ ಪ್ರತಿಕೃತಿಗಳನ್ನು ಸಮುದ್ರಕ್ಕೆ ಮುಖ ಮಾಡಿ ನಿಲ್ಲಿಸಿದ್ದಾರೆ. ನೂರು ಯೆನ್ ನಾಣ್ಯ ಹಾಕಿದರೆ ಗುಂಡಿನ ಸದ್ದು ಕೇಳುತ್ತದೆ, ಬಾಯಿಂದ ಹೊಗೆ ಬರುತ್ತದೆ. ನಾನು ನಿಂತಿದ್ದಾಗ ಒಬ್ಬ ಹುಡುಗ ನಾಣ್ಯ ಹಾಕಿ, ಸದ್ದಿಗೆ ತಾನೇ ಹೆದರಿ ಅಜ್ಜನ ಕಾಲನ್ನು ತಬ್ಬಿಕೊಂಡ.

1863ರಲ್ಲಿ ಚೋಷುವಿನವರು ಇಲ್ಲಿಂದ ವಿದೇಶಿ ಹಡಗುಗಳ ಮೇಲೆ ಗುಂಡು ಹಾರಿಸಿದರು. ಮರುವರ್ಷ ಬ್ರಿಟನ್, ಫ್ರಾನ್ಸ್, ನೆದರ್ಲೆಂಡ್ಸ್ ಮತ್ತು ಅಮೆರಿಕದ 17 ಹಡಗುಗಳು ಬಂದು ಈ ದಡದ ಫಿರಂಗಿಗಳನ್ನೆಲ್ಲ ಬಾಯಿ ಮುಚ್ಚಿಸಿ ಕೊಂಡೊಯ್ದವು. ಇಲ್ಲಿ ಹೋರಾಡಿದವರಲ್ಲಿ ಯಾಮಾಗಾತಾ ಇದ್ದ. ಓದಲು ಲಂಡನ್ನಿಗೆ ಹೋಗಿದ್ದ ಇತೊ, ಈ ಯುದ್ಧವನ್ನು ತಡೆಯಬೇಕೆಂದು ಧಾವಿಸಿ ಬಂದು ಸೋತಿದ್ದ. ಸೋಲಿನ ಪರಿಹಾರವಾಗಿ 30 ಲಕ್ಷ ಡಾಲರ್ ಹೊರೆ ಆಗ ದೇಶವನ್ನಾಳುತ್ತಿದ್ದ ಎದೊ ಸರ್ಕಾರದ ತಲೆಗೆ ಬಿತ್ತು. ಫಿರಂಗಿ, ಆಮೇಲೆ ಒಪ್ಪಂದ, ಆಮೇಲೆ ಹಣ: ಈ ಮೂರರ ಕ್ರಮವನ್ನು ಅವರು ಸೋತವರ ಸ್ಥಾನದಲ್ಲಿ ನಿಂತು ಕಲಿತರು. ಅಷ್ಟರಲ್ಲಿ ಎದೊ ಸರ್ಕಾರವನ್ನು ಉರುಳಿಸಿ ಅಧಿಕಾರಕ್ಕೆ ಬಂದಿದ್ದ ಅದೇ ಜನ 1876ರಲ್ಲಿ ಕೊರಿಯಾದ ಕರಾವಳಿಗೆ ಯುದ್ಧನೌಕೆಗಳನ್ನು ಕಳುಹಿಸಿ ಗಂಗ್ವಾ ಒಪ್ಪಂದ ಮಾಡಿಸಿಕೊಂಡಾಗ, ತಮ್ಮ ಪ್ರಜೆಗಳು ಕೊರಿಯಾದ ನ್ಯಾಯಾಲಯಗಳಿಗೆ ಒಳಪಡುವುದಿಲ್ಲವೆಂಬ ಷರತ್ತನ್ನೂ ಸೇರಿಸಿದರು. ಪಶ್ಚಿಮದವರು ತಮ್ಮ ಮೇಲೆ ಹೇರಿದ್ದ ಅದೇ ಷರತ್ತಿನಿಂದ ಜಪಾನ್ ಇನ್ನೂ ಬಿಡುಗಡೆ ಪಡೆದಿರಲಿಲ್ಲ.

ದಡದುದ್ದಕ್ಕೂ ಪಟ್ಟಣದ ಕಡೆ ನಡೆದು ಗುಡ್ಡ ಹತ್ತಿದರೆ ಶುನ್‌ಪಾನ್‌ರೋ ಸಿಗುತ್ತದೆ. ಇದು ವಿಷವಿರುವ ಫುಗು ಮೀನಿನ ಅಡುಗೆಗೆ ಹೆಸರಾದ ಭೋಜನಗೃಹ. ಹಳೆಯ ಕಟ್ಟಡ 1945ರ ವಾಯುದಾಳಿಯಲ್ಲಿ ಸುಟ್ಟುಹೋಯಿತು. ಪಕ್ಕದ ಚಿಕ್ಕ ಸ್ಮಾರಕ ಭವನ ಉಳಿಯಿತು. ಯುದ್ಧದಲ್ಲಿ ಜಪಾನಿಗೆ ಸೋತ ಚೀನಾದೊಂದಿಗೆ 1895ರಲ್ಲಿ ನಡೆದ ಸಂಧಾನದ ಕೋಣೆಯನ್ನು ಅಲ್ಲಿ ಇದ್ದಂತೆಯೇ ಜೋಡಿಸಿಟ್ಟಿದ್ದಾರೆ: ಉದ್ದನೆಯ ಮೇಜು, ಅಲಂಕಾರದ ಕುರ್ಚಿಗಳು, ಮಸಿಯ ಪರಿಕರ, ಬೆಂಕಿಯ ಒಲೆ. ಒಂದು ಕಡೆ ಇತೊ ಮತ್ತು ವಿದೇಶಾಂಗ ಸಚಿವ ಮುತ್ಸು ಮುನೆಮಿತ್ಸು, ಎದುರಿಗೆ ಚೀನಾದ ವೃದ್ಧ ರಾಜತಂತ್ರಜ್ಞ ಲಿ ಹೊಂಗ್‌ಜಾಂಗ್. ಮಾರ್ಚ್ 24ರಂದು ಸಭೆ ಮುಗಿಸಿ ವಸತಿಗೆ ಹಿಂದಿರುಗುತ್ತಿದ್ದ ಲಿಯ ಮುಖಕ್ಕೆ ಒಬ್ಬ ಜಪಾನೀ ಯುವಕ ಗುಂಡು ಹೊಡೆದ. ಚೇತರಿಸಿಕೊಂಡ ಮೇಲೆ ಆತ ಹೆದ್ದಾರಿ ಬಿಟ್ಟು ಗುಡ್ಡದ ಬದಿಯ ಕಾಲುದಾರಿಯಲ್ಲಿ ಬಂದುಹೋಗುತ್ತಿದ್ದ. ಅವನ ಹೆಸರಿನಿಂದಲೇ ಕರೆಯುವ ಆ ದಾರಿ ಇಬ್ಬರು ಜೊತೆಯಾಗಿ ನಡೆಯುವಾಗ ಭುಜ ತಾಗುವಷ್ಟು ಇಕ್ಕಟ್ಟು. ನಾನು ಅದರಲ್ಲಿ ಎರಡು ಬಾರಿ ಓಡಾಡಿದೆ.

ಏಪ್ರಿಲ್ 17ರಂದು ಸಹಿಯಾಯಿತು. ತೈವಾನ್, ಪೆಂಗ್ಹು ದ್ವೀಪಗಳು, ಲಿಯಾಒಡಾಂಗ್ ಪರ್ಯಾಯ ದ್ವೀಪ, ಜೊತೆಗೆ ಪರಿಹಾರವಾಗಿ 20 ಕೋಟಿ ತೇಲ್ (ಚೀನಾದ ತೂಕದ ಅಳತೆ) ಬೆಳ್ಳಿ ಜಪಾನಿಗೆ ದಕ್ಕಿದವು. ಕೊರಿಯಾ ಸ್ವತಂತ್ರವೆಂದು ಬರೆಯಿಸಿದರು; ಅದರ ಅರ್ಥ ಅದು ಇನ್ನು ಚೀನಾದ ಅಧೀನವಲ್ಲ ಎಂದಷ್ಟೇ ಆಗಿತ್ತು. ಗಾಜಿನಾಚೆಯ ಕುರ್ಚಿಗಳನ್ನು ಒಂದೊಂದಾಗಿ ಎಣಿಸಿದೆ. ಕೊರಿಯಾದವರಿಗೆ ಅಲ್ಲಿ ಕುರ್ಚಿಯಿಲ್ಲ, ತೈವಾನಿನವರಿಗೂ ಇಲ್ಲ. ತಮ್ಮನ್ನು ಕೇಳದೆ ಕೈಬದಲಾಯಿಸಿದ ತೈವಾನಿನ ಜನ ಮೇ ತಿಂಗಳಲ್ಲಿ ಗಣರಾಜ್ಯ ಘೋಷಿಸಿ, ಅಕ್ಟೋಬರಿನಲ್ಲಿ ತೈನಾನ್ ಬೀಳುವವರೆಗೆ ಜಪಾನೀ ಸೇನೆಯೊಂದಿಗೆ ಕಾದಾಡಿದರು. ಜಪಾನಿನ ವಿಸ್ತರಣೆಯ ಮೂಲದಲ್ಲಿದ್ದ ಭಯ ಸುಳ್ಳಲ್ಲವೆಂದು ಒಪ್ಪುವ ನಾನು, ಅದನ್ನು ಸಮರ್ಥನೆಯೆಂದು ಒಪ್ಪದಿರುವುದು ಈ ಇಲ್ಲದ ಕುರ್ಚಿಗಳ ಕಾರಣಕ್ಕೆ.

ಒಂದು ವಾರದೊಳಗೆ ರಷ್ಯಾ, ಜರ್ಮನಿ, ಫ್ರಾನ್ಸ್ ಒಟ್ಟಾಗಿ ಬೆದರಿಸಿ ಲಿಯಾಒಡಾಂಗನ್ನು ಹಿಂದಿರುಗಿಸುವಂತೆ ಮಾಡಿದವು. ಯಾಮಾಗಾತಾ 1890ರಲ್ಲೇ ಸಂಸತ್ತಿನಲ್ಲಿ, ದೇಶವನ್ನು ಕಾಯಲು ಅದರ ಗಡಿಯಾದ ಸಾರ್ವಭೌಮತ್ವದ ರೇಖೆಯನ್ನು ಕಾದರೆ ಸಾಲದು, ಅದರಾಚೆಯ ಹಿತಾಸಕ್ತಿಯ ರೇಖೆಯನ್ನೂ ಕಾಯಬೇಕು ಎಂಬ ವಾದ ಮಂಡಿಸಿದ್ದ. ಆ ಹೊರರೇಖೆ ಆಗ ಕೊರಿಯಾ. ಅದನ್ನು ಕೈವಶ ಮಾಡಿಕೊಂಡ ಮೇಲೆ ಅದನ್ನು ಕಾಯಲು ಮಂಚೂರಿಯ ಬೇಕಾಯಿತು, 1931ರಲ್ಲಿ ಅದೂ ದಕ್ಕಿದ ಮೇಲೆ ಉತ್ತರ ಚೀನಾ ಬೇಕಾಯಿತು. ರೇಖೆಗೆ ನಿಲ್ಲುವ ಜಾಗವೇ ಇರಲಿಲ್ಲ.

ಮಾರನೆಯ ದಿನ ಸಮುದ್ರದಡಿಯ 780 ಮೀಟರ್ ಪಾದಚಾರಿ ಸುರಂಗದಲ್ಲಿ ನಡೆದು ಕ್ಯೂಷುವಿಗೆ ದಾಟಿ, ರೈಲು ಹಿಡಿದು ಯಾಹಾತಾಕ್ಕೆ ಹೋದೆ. ಅಲ್ಲಿನ ಉದ್ಯಾನದಲ್ಲಿ ಕಬ್ಬಿಣದ ಅದಿರು ಕರಗಿಸುತ್ತಿದ್ದ ಹಿಗಾಷಿದಾ ಊದುಕುಲುಮೆ ನಿಂತಿದೆ, ತುದಿಯಲ್ಲಿ 1901 ಎಂಬ ದೊಡ್ಡ ಅಂಕಿಗಳು. ಚೀನಾ ತೆತ್ತ ಹಣದ ಬಹುಪಾಲು ಸೇನೆಗೂ ನೌಕಾಪಡೆಗೂ ಹೋಯಿತು, ಒಂದು ಪಾಲಿನಿಂದ ಈ ಉಕ್ಕಿನ ಕಾರ್ಖಾನೆ ಎದ್ದಿತು. ಅದಿರು ಕೂಡ ಚೀನಾದ ದಾಯೆ ಗಣಿಯಿಂದ ಬರುತ್ತಿತ್ತು. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಜಪಾನ್ ನೋಡಿದ್ದು 1898ರಲ್ಲಿ, ಈ ಕಾರ್ಖಾನೆ ಇನ್ನೂ ಏಳುತ್ತಿದ್ದಾಗ. ಆ ದೇಶದ ಶಿಸ್ತು, ಶಿಕ್ಷಣ, ಕೈಗಾರಿಕೆಗಳನ್ನು ಅವರು ಮೆಚ್ಚಿದರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಭದ್ರಾವತಿಯನ್ನು ಕಟ್ಟಲು ಯಾವ ನೆರೆಯ ನಾಡೂ ದಂಡ ತೆರಬೇಕಾಗಲಿಲ್ಲ ಎಂಬ ನೆನಪು, ಕುಲುಮೆಯ ಕೆಳಗೆ ನಿಂತ ನನಗೆ ಸಮಾಧಾನ ತಂದಿತು.

ಸಂಜೆ ಷಿಮೊನೊಸೆಕಿಗೆ ಮರಳಿ ಬಂದರಿಗೆ ಹೋದೆ. ಕೊರಿಯಾದ ಬುಸಾನಿಗೆ ಹಡಗುಸೇವೆ ಇಲ್ಲಿಂದ ಆರಂಭವಾದದ್ದು 1905ರಲ್ಲಿ. ಅದೇ ವರ್ಷ ಕೊರಿಯಾ ಜಪಾನಿನ ರಕ್ಷಿತ ರಾಜ್ಯವಾಯಿತು, ಇತೊ ಅದರ ಮೊದಲ ರೆಸಿಡೆಂಟ್ ಜನರಲ್ ಆದ. 1909ರಲ್ಲಿ ಮಂಚೂರಿಯದ ಹಾರ್ಬಿನ್ ರೈಲು ನಿಲ್ದಾಣದಲ್ಲಿ ಕೊರಿಯಾದ ಸ್ವಾತಂತ್ರ್ಯ ಹೋರಾಟಗಾರ ಆನ್ ಜುಂಗ್-ಗುನ್ ಅವನನ್ನು ಗುಂಡಿಕ್ಕಿ ಕೊಂದ, ಮರುವರ್ಷ ಕೊರಿಯಾವನ್ನು ಜಪಾನ್ ಪೂರ್ತಿ ತನ್ನೊಳಗೆ ಸೇರಿಸಿಕೊಂಡಿತು. ಮುಂದಿನ ದಶಕಗಳಲ್ಲಿ ಕೂಲಿಗೆಂದು, ಆಮೇಲೆ ಬಲವಂತವಾಗಿ, ಲಕ್ಷಾಂತರ ಕೊರಿಯನ್ನರು ಈ ಕಡಲನ್ನು ದಾಟಿ ಗಣಿಗಳಿಗೂ ಕಾರ್ಖಾನೆಗಳಿಗೂ ಬಂದರು. ಬುಸಾನ್ ಹಡಗು ಈಗಲೂ ರಾತ್ರಿ ಹೊರಡುತ್ತದೆ. ಟಿಕೆಟಿನ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ವಯಸ್ಸಾದ ಹೆಂಗಸು, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯನ್ನು ಕಾಲಿನಿಂದ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಳ್ಳುತ್ತ, ಮಗಳೊಂದಿಗೆ ಜಪಾನಿಯಲ್ಲೂ ಫೋನಿನಲ್ಲಿ ಇನ್ನಾರೊಂದಿಗೋ ಕೊರಿಯನ್ನಿನಲ್ಲೂ ಮಾತಾಡುತ್ತಿದ್ದಳು.